ಆ ಬಲೂನು ಕೊನೆಗೆ ಏನಾಯ್ತು?

ಪಕ್ಕದ ಮನೆಯ ರಾಯರು ಬೆಳಿಗ್ಗೆ ಆರೂವರೆಗೆ ಸರಿಯಾಗಿ ಕಾಂಪೌಂಡಿನ ಹತ್ತಿರ ಹಾಜರು. ದಾಸವಾಳದ ಬುಡ ನಮ್ಮ ಕಡೆ, ಹೂವೆಲ್ಲ ಅವರ ಕಡೆ. ನೀರು ಹಾಕೋದು ನಾನು, ಪುಣ್ಯ ಕಟ್ಟಿಕೊಳ್ಳೋದು ಅವರು. ಇರಲಿ ಬಿಡಿ, ದೇವರ ತಲೆ ಮೇಲೆ ತಾನೆ ಹೋಗೋದು. ನಿನ್ನೆ ಹೂ ಬಿಡಿಸುತ್ತಾ, "ಏನ್ರೀ, ರಾತ್ರಿ ಹನ್ನೆರಡರ ತನಕ ನಿಮ್ಮನೇಲಿ ಹೆಲಿಕಾಪ್ಟರ್ ಸದ್ದು? ಯಾರಾದ್ರೂ ಮಂತ್ರಿ ಇಳಿದಿದ್ರಾ?" ಅಂದರು.

"ಮಂತ್ರಿ ಎಲ್ಲಿ ಬಂತು ರಾಯರೆ, 'ಬ್ಲ್ಯಾಕ್ ಸಂಡೆ' ನೋಡ್ತಿದ್ದೆ" ಅಂದೆ.

ರಾಯರ ಕೈ ಹೂವಿನ ತೊಟ್ಟಿನ ಮೇಲೆ ಹಾಗೇ ನಿಂತಿತು. "ಅದೇ ಬಲೂನಿನ ಪಿಕ್ಚರ್ರಾ? ಕೊನೆಗೆ ಆ ಬಲೂನು ಏನಾಯ್ತ್ರೀ?"

ಇಷ್ಟು ವರ್ಷ ಆದ ಮೇಲೂ ಮನುಷ್ಯ ಮರೆತಿಲ್ಲ ನೋಡಿ! ಮರೆಯೋದಾದರೂ ಹೇಗೆ, ಅಲ್ವಾ? 1987ರ ಆ ರಾತ್ರಿ ನಮ್ಮ ಜೊತೆ ಚಾಪೆ ಮೇಲೆ ಕೂತಿದ್ದವರು ಅವರೇ.

ಆಗೆಲ್ಲ ವಿಸಿಆರ್ ಬಾಡಿಗೆಗೆ ತರೋದು ಅಂದರೆ ಒಂದು ಸಣ್ಣ ಮದುವೆ ಮಾಡಿದ ಹಾಗೆ. ಬಣ್ಣದ ಟಿವಿ, ವಿಸಿಆರ್, ಮೂರು ಕ್ಯಾಸೆಟ್, ಎಲ್ಲ ಸೇರಿ ಒಂದು ರಾತ್ರಿಗೆ ಇಷ್ಟು ಅಂತ ಲೆಕ್ಕ. ಸೈಕಲ್ ಕ್ಯಾರಿಯರ್‌ಗೆ ಟಿವಿ ಕಟ್ಟಿ, ಮೇಲೆ ಬೆಡ್‌ಶೀಟ್ ಹೊದಿಸಿ, ಹಿಂದೊಬ್ಬ ಹಿಡಿದುಕೊಂಡು ಮೈಸೂರಿನ ನಮ್ಮ ಸರಸ್ವತಿಪುರಂನ ಇಳಿಜಾರಿನಲ್ಲಿ ಬರುತ್ತಿದ್ದರೆ, ಬಾಣಂತಿಯನ್ನ ಕರೆತಂದ ಹಾಗೆ ಬೀದಿಯವರೆಲ್ಲ ಬಾಗಿಲಿಗೆ ಬರೋರು. ಕ್ಯಾಸೆಟ್ಟಿನ ಕ್ರಮವೂ ಶಾಸ್ತ್ರೋಕ್ತ. ಮೊದಲು ರಾಜ್‌ಕುಮಾರ್ ಪಿಕ್ಚರ್, ಮನೆಮಂದಿಗೆಲ್ಲ. ಆಮೇಲೊಂದು ಹಿಂದಿ, ಕಾಲೇಜು ಹುಡುಗಿಯರಿಗೆ. ಹೆಂಗಸರು ಮಕ್ಕಳು ತೂಕಡಿಸಿದ ಮೇಲೆ ಇಂಗ್ಲಿಷು, ಅದು ಗಂಡಸರ ಪಾಲಿಗೆ. ಆ ಸಲ ಮೂರನೇ ಕ್ಯಾಸೆಟ್ಟಾಗಿ ಬಂದಿದ್ದು ಈ 'ಬ್ಲ್ಯಾಕ್ ಸಂಡೆ'.

ಕತೆ ನಿಮಗೆ ಗೊತ್ತೇ ಇದೆ. ಅಮೆರಿಕದ ಫುಟ್ಬಾಲ್ ಫೈನಲ್ಲು, ಎಂಬತ್ತು ಸಾವಿರ ಜನ, ಮೇಲೆ ಗಾಳಿಯಲ್ಲಿ ತೇಲೋ ಗುಡ್‌ಇಯರ್ ಕಂಪನಿಯ ದೊಡ್ಡ ಬಲೂನು. ಅದಕ್ಕೆ ಬಾಂಬು ಕಟ್ಟಿ ಕ್ರೀಡಾಂಗಣದ ಮೇಲೆ ಇಳಿಸೋದು ಒಬ್ಬ ಹೆಂಗಸಿನ, ಆ ಬಲೂನಿನ ಪೈಲಟ್ ಒಬ್ಬನ ಹಂಚಿಕೆ. ತಡೆಯೋದು ಇಸ್ರೇಲಿನ ಗೂಢಚಾರ ಕಬಕೋವ್‌ನ ಕೆಲಸ. ಅಷ್ಟೆ. ಆದರೆ ನಮ್ಮ ಮನೇಲಿ ಅದನ್ನ ನೋಡಿದ ರೀತಿಯೇ ಬೇರೆ.

ಮೊದಲ ವಿಘ್ನ ಬಂದಿದ್ದು ನಮ್ಮಜ್ಜಿಯಿಂದ. ಎಲ್ಲರೂ ಮಲಗಿದ್ದಾರೆ ಅಂದುಕೊಂಡಿದ್ವಿ, ಅಜ್ಜಿ ಮೂಲೇಲಿ ಜಪಮಣಿ ಎಣಿಸ್ತಾ ಎಚ್ಚರವಾಗೇ ಇದ್ದಳು. ಶುರುವಿಗೇ ಬೈರೂತಿನ ಮನೆಯೊಂದಕ್ಕೆ ಕಬಕೋವ್ ನುಗ್ತಾನೆ. ಸ್ನಾನದ ಮನೆ ಬಾಗಿಲು ತೆಗೆದರೆ ಒಳಗೆ ಹೆಂಗಸೊಬ್ಬಳು, ಶವರ್ ಕೆಳಗೆ. ಅಜ್ಜಿ, "ಥೂ, ಮುಂದಕ್ಕೆ ಓಡಿಸ್ರೋ!" ಅಂತ ಗದರಿದಳು. ರಿಮೋಟು ರಾಯರ ಕೈಲಿತ್ತು. ಗಾಬರೀಲಿ ಒತ್ತಿದ್ದು ಒತ್ತಿದ್ದೇ, ಪಿಕ್ಚರ್ ಓಡಿ ಅಮೆರಿಕಕ್ಕೇ ಬಂದು ನಿಂತಿತು. ಅಲ್ಲೇ ನೋಡಿ ನಾವು ಮೋಸ ಹೋಗಿದ್ದು. ಇಡೀ ಸಿನಿಮಾದ ಬೀಗದ ಕೈ ಇದ್ದಿದ್ದೇ ಆ ಸ್ನಾನದ ಮನೇಲಿ. ಬಂದೂಕು ಎತ್ತಿದವನು, ಎದುರಿಗೆ ಬರೀ ಮೈಯ ಹೆಂಗಸನ್ನ ಕಂಡು ಗುಂಡು ಹಾರಿಸದೆ ವಾಪಸು ಬರ್ತಾನೆ. ಅವಳೇ ದಾಲಿಯಾ. ಬಲೂನಿನ ಹಂಚಿಕೆಯ ಸೂತ್ರಧಾರಿಣಿ. ಒಂದು ಕ್ಷಣದ ಕನಿಕರ ಎರಡು ಗಂಟೆಯ ಸಿನಿಮಾ ಆಯ್ತು. ಇದು ತಿಳಿಯದೆ ನಾವು, "ಈ ಹೀರೋ ಯಾಕೋ ಸದಾ ಹೊಟ್ಟೆನೋವು ಬಂದವನ ಹಾಗೆ ಮುಖ ಮಾಡ್ಕೊಂಡಿರ್ತಾನಲ್ಲ" ಅಂತ ಮಾತಾಡಿಕೊಂಡ್ವಿ.

ಎರಡನೇ ವಿಘ್ನ ಕರೆಂಟಿನದ್ದು. ಬಲೂನು ಕ್ರೀಡಾಂಗಣದ ಗೋಡೆ ದಾಟಿ ಒಳಗೆ ಮೂಗು ಹಾಕಿದೆ, ಜನ ದಿಕ್ಕಾಪಾಲು, ಕಬಕೋವ್ ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಜೋತಾಡ್ತಾ ಕೈಲೊಂದು ಕೊಕ್ಕೆ ಹಿಡಿದು ಬಲೂನಿನ ಬೆನ್ನ ಮೇಲೆ ಇಳೀತಿದ್ದಾನೆ... ಟಪ್. ಕತ್ತಲೆ. ಟಿವಿಯ ನಡುವೆ ಒಂದು ಬಿಳಿ ಚುಕ್ಕೆ, ಅದೂ ಹೋಯ್ತು. ರಾತ್ರಿ ಎರಡು ಇಪ್ಪತ್ತು. ಸೀಮೆಎಣ್ಣೆ ದೀಪ ಹಚ್ಚಿಕೊಂಡು ಕಾದ್ವಿ. ಕರೆಂಟು ಬಂದಿದ್ದು ಬೆಳಿಗ್ಗೆ ಆರಕ್ಕೆ. ಅಷ್ಟರಲ್ಲಿ ವಿಸಿಆರ್ ಹುಡುಗ ಬಾಗಿಲು ತಟ್ಟುತ್ತಿದ್ದ. ಇನ್ನೊಂದು ಹತ್ತು ನಿಮಿಷ ಕೊಡಪ್ಪಾ ಅಂದರೆ, "ಸತ್ಯನಾರಾಯಣ ಪೂಜೆ ಮನೆಗೆ ಹೋಗ್ಬೇಕು ಸಾರ್" ಅಂತ ವಯರು ಸುತ್ತೇಬಿಟ್ಟ.

ಹಾಗಾಗಿ ನಾವು ನೋಡಿದ 'ಬ್ಲ್ಯಾಕ್ ಸಂಡೆ'ಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಜಗತ್ತಿಗೆಲ್ಲ ಆ ದಾಳಿ 1977ರಲ್ಲೇ ತಪ್ಪಿತ್ತು. ನಮ್ಮ ಬೀದಿಯಲ್ಲಿ ಮಾತ್ರ ಬಲೂನು ಹಾಗೇ ನೇತಾಡ್ತಾ ಇತ್ತು.

ರಾಯರು ಸುಮ್ಮನಿರೋ ಪೈಕಿ ಅಲ್ಲವಲ್ಲ. ಮಾರನೇ ದಿನ ಅವರ ಮನೆಯವರು "ಕೊನೆಗೇನಾಯ್ತು?" ಅಂತ ಕೇಳಿದಾಗ, ಕರೆಂಟು ಹೋಯ್ತು ಅನ್ನೋಕೆ ಮರ್ಯಾದೆ ಅಡ್ಡ ಬಂತು. "ಹೀರೋ ಗುಂಡು ಹೊಡೆದ, ಬಲೂನು ಠುಸ್ ಅಂತ ಗಾಳಿ ಹೋಗಿ, ಮುದುಡಿದ ಪಂಚೆ ಹಾಗೆ ಮೈದಾನದಲ್ಲಿ ಬಿತ್ತು, ಎಲ್ಲರೂ ಬಚಾವ್" ಅಂತ ತಾವೇ ಒಂದು ಕೊನೆ ಹೊಲಿದು ಕೊಟ್ಟರು. ಆಕೆ ಅದನ್ನ ಭಜನಾ ಮಂಡಳಿಯಲ್ಲಿ ಹೇಳಿ, ಸರಸ್ವತಿಪುರಂನ ಅರ್ಧ ಜನಕ್ಕೆ ಅದೇ ಅಧಿಕೃತ ಪಾಠ ಆಗಿಹೋಯ್ತು.

ಆದರೆ ಬಲೂನು ಹಾಗೆ ಠುಸ್ ಅನ್ನೋ ಜಾತಿಯದ್ದಲ್ಲ ರೀ. ಅದರ ಹೆಸರು ಬ್ಲಿಂಪು. ಒಳಗೆ ಎಲುಬಿಲ್ಲ, ಹಂದರವಿಲ್ಲ, ಬರೀ ಅನಿಲದ ಒತ್ತಡದಿಂದಲೇ ಮೈ ತುಂಬಿಕೊಂಡು ನಿಲ್ಲೋದು. ಆ ಒತ್ತಡವೂ ಹೊರಗಿನ ಗಾಳಿಗಿಂತ ಒಂಚೂರೇ ಚೂರು ಹೆಚ್ಚು. ನಾಲ್ಕು ಗುಂಡು ತೂರಿದರೂ ನಿಧಾನಕ್ಕೆ ಸೋರುತ್ತೆ, ಒಡೆಯೋದಿಲ್ಲ. ಉದ್ದ ಸುಮಾರು 58 ಮೀಟರು. ಮೂರು ಕ್ರಿಕೆಟ್ ಪಿಚ್ಚು ಒಂದರ ಹಿಂದೊಂದು ಹಾಸಿದಷ್ಟು. ತುಂಬೋದು ಹೀಲಿಯಂ, ಅದಕ್ಕೆ ಬೆಂಕಿ ಹತ್ತಲ್ಲ. ನಂಜನಗೂಡು ಜಾತ್ರೇಲಿ ನಮಗೆ ಬಲೂನು ಮಾರುತ್ತಿದ್ದವನದ್ದು ಬೇರೆ ವಿದ್ಯೆ. ಕಾಸ್ಟಿಕ್ ಸೋಡಾಕ್ಕೆ ಅಲ್ಯುಮಿನಿಯಂ ಚೂರು ಹಾಕಿ ಸಿಲಿಂಡರ್‌ನಲ್ಲಿ ಜಲಜನಕ ಎಬ್ಬಿಸಿ ತುಂಬೋನು. ನನ್ನ ಹೆಬ್ಬೆರಳಿಗೆ ದಾರ ಕಟ್ಟಿಕೊಡೋನು, ನಾನು ರಥದ ಮುಂದೆ ಕೈ ಮುಗಿಯೋಕೆ ಹೋಗಿ ಅದನ್ನ ಬಿಟ್ಟುಬಿಡೋನು. ಪ್ರತಿ ವರ್ಷವೂ! ಅದು ಗೋಪುರದ ಪಕ್ಕ ಏರಿ ಏರಿ ಸಾಸಿವೆ ಕಾಳಾಗೋ ತನಕ ನೋಡ್ತಾ ಅಳೋದು ನನ್ನ ಜಾತ್ರೆಯ ಒಂದು ಭಾಗವೇ ಆಗಿತ್ತು. ಆಕಾಶದಲ್ಲಿ ತೇಲೋದನ್ನ ಕಂಡರೆ ಮನುಷ್ಯನಿಗೆ ಭಯ ಬರಲ್ಲ, ಪ್ರೀತಿ ಬರುತ್ತೆ. ಈ ಕತೆ ಬರೆದ ಕಾದಂಬರಿಕಾರ ಹಿಡಿದಿದ್ದು ಅದನ್ನೇ, ಅಲ್ವಾ? ವಿಮಾನ ಬಂದರೆ ಜನ ಓಡ್ತಾರೆ. ಬಲೂನು ಬಂದರೆ ಮಕ್ಕಳನ್ನ ಹೆಗಲ ಮೇಲೆ ಎತ್ತಿ ತೋರಿಸ್ತಾರೆ.

ಕಾದಂಬರಿಕಾರ ಅಂದೆನಲ್ಲ, ಆತ ಥಾಮಸ್ ಹ್ಯಾರಿಸ್. ಅಸೋಸಿಯೇಟೆಡ್ ಪ್ರೆಸ್‌ನಲ್ಲಿ ಸುದ್ದಿ ಬರೆಯುತ್ತಿದ್ದವನು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ ಹನ್ನೊಂದು ಜನರನ್ನು ಕೊಂದ ಮೇಲೆ, ಆಟದ ಮೈದಾನ ಅನ್ನೋ ಪದಕ್ಕೇ ಬೇರೆ ನೆರಳು ಬಂತಲ್ಲ, ಆ ನೆರಳಲ್ಲಿ ಹುಟ್ಟಿದ ಕಾದಂಬರಿ ಇದು. 1975ರಲ್ಲಿ ಬಂದ ಅವನ ಮೊದಲ ಪುಸ್ತಕ. ಮುಂದೆ ಇದೇ ಮಹಾರಾಯ ಹ್ಯಾನಿಬಲ್ ಲೆಕ್ಟರ್ ಅನ್ನೋ ನರಭಕ್ಷಕ ಡಾಕ್ಟರನ್ನ ಸೃಷ್ಟಿಸಿ ಪ್ರಪಂಚದ ನಿದ್ದೆ ಕೆಡಿಸಿದ.

ಆ ಪುಸ್ತಕ ನನಗೆ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ. ಒಂದು ಇಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕಕ್ಕೂ ಒಂದು ಹೊಸರುಚಿ ಪುಸ್ತಕಕ್ಕೂ ನಡುವೆ ಉಸಿರು ಕಟ್ಟಿಕೊಂಡು ಬಿದ್ದಿತ್ತು. ಚೌಕಾಸಿ ಮಾಡದೆ ಕೊಂಡ ನನ್ನ ಜೀವನದ ಒಂದೇ ಪುಸ್ತಕ ಅದು. ಮೈಸೂರು ಬಸ್ ಹತ್ತಿದವನೇ ಕೊನೆಯ ಅಧ್ಯಾಯಕ್ಕೆ ಹಾರಿದೆ. ತಪ್ಪು ಅಂತ ಗೊತ್ತು, ಆದರೆ ಅಷ್ಟು ವರ್ಷ ನೇತಾಡಿದವನ ಕಷ್ಟ ನಿಮಗೇನು ಗೊತ್ತು? ಮದ್ದೂರು ಬರೋ ಹೊತ್ತಿಗೆ ಮುಗಿಸಿದ್ದೆ. ಅಲ್ಲಿ ಊರೇ ಬೇರೆ, ನ್ಯೂ ಆರ್ಲಿಯನ್ಸು. ಅದಕ್ಕಿಂತ ದೊಡ್ಡ ಆಘಾತ ಅಂದರೆ ಕಬಕೋವ್ ಸಾಯ್ತಾನೆ! ಜನ ಉಳೀತಾರೆ, ಅವನು ಉಳಿಯಲ್ಲ. ಮದ್ದೂರು ವಡೆ ಕೈಲೇ ಆರಿಹೋಯ್ತು.

ಬಂದವನೇ ಕಾಂಪೌಂಡಿನ ಹತ್ತಿರ ನಿಂತು ರಾಯರಿಗೆ ಹೇಳಿದೆ. "ಛೆ ಛೆ, ಅದು ಪುಸ್ತಕ. ಪಿಕ್ಚರಲ್ಲಿ ಹೀರೋ ಸಾಯೋಕೆ ಬಿಡ್ತಾರೇನ್ರೀ?" ಅಂತ ಅವರು ಒಪ್ಪಲೇ ಇಲ್ಲ. ಅವರು ಹೇಳಿದ್ದೇ ಸರಿ ಇತ್ತು ಅನ್ನೋದು ಮೊನ್ನೆ ರಾತ್ರಿ ತಿಳೀತು. ಆದರೆ ಅದನ್ನ ಅಷ್ಟು ಸುಲಭವಾಗಿ ಒಪ್ಪಿಕೊಂಡರೆ ನೆರೆಹೊರೆ ಧರ್ಮ ಉಳಿಯುತ್ತಾ?

ಈಗ ಪೂರ್ತಿ ನೋಡಿದಾಗ ನನಗೆ ಹಿಡಿಸಿದ್ದು ಹೊಡೆದಾಟಕ್ಕಿಂತ ಸಣ್ಣಪುಟ್ಟ ವಿಚಿತ್ರಗಳು. ಆ ಗುಡ್‌ಇಯರ್‌ನವರದ್ದೇ ತಗೊಳ್ಳಿ. ಓಹಾಯೋದ ಆಕ್ರನ್‌ನ ಟೈರು ಕಂಪನಿ, 1925ರಿಂದಲೂ ಹೆಸರು ಬರೆದ ಬಲೂನು ಹಾರಿಸ್ತಾ ಬಂದವರು. ನೆಲದ ಮೇಲೆ ಉರುಳೋದನ್ನ ಮಾರೋರಿಗೆ ಆಕಾಶದ ಉಸಾಬರಿ ಯಾಕೋ! ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್ ಹೋಗಿ, "ನಿಮ್ಮ ಬಲೂನು ಕೊಡಿ, ಅದಕ್ಕೆ ಬಾಂಬು ಕಟ್ಟಿ ಎಂಬತ್ತು ಸಾವಿರ ಜನರ ಮೇಲೆ ಬಿಡ್ತೀನಿ" ಅಂತ ಕೇಳಿದ. ಯಾರಾದರೂ ಕೊಡ್ತಾರಾ? ಅವರು ಕೊಟ್ಟರು! 1966ರಲ್ಲಿ ಕಾರು ರೇಸಿನ 'ಗ್ರ್ಯಾಂಡ್ ಪ್ರಿ' ತೆಗೆದಾಗ ಆದ ಸ್ನೇಹವಂತೆ. ಆದರೆ ಷರತ್ತು ಹಾಕಿದರು. ಕೆಟ್ಟ ಪೈಲಟ್ಟು ಕಂಪನಿಯ ನೌಕರ ಆಗಿರಬಾರದು, ಗುತ್ತಿಗೆಯವನಾಗಿರಬೇಕು. ಬಲೂನಿನ ಪ್ರೊಪೆಲ್ಲರಿಗೆ ಸಿಕ್ಕಿ ಯಾರೂ ಸಾಯಬಾರದು. ಮೂರನೆಯದು ನನಗೆ ಪ್ರಾಣ: ಕೊನೆಯ ಸ್ಫೋಟ 'ಗುಡ್‌ಇಯರ್' ಅನ್ನೋ ಅಕ್ಷರಗಳ ಒಳಗಿಂದ ಬರಬಾರದು! ಬಲೂನು ಸಿಡಿಯಲಿ ಪರವಾಗಿಲ್ಲ, ಹೆಸರು ಸಿಡಿಯಬಾರದು. ಮನೆಗೆ ಬೆಂಕಿ ಬಿದ್ದರೂ ನೇಮ್‌ಪ್ಲೇಟಿಗೆ ಮಸಿ ಹತ್ತಬಾರದು ಅಂದ ಹಾಗೆ, ಅಲ್ವಾ? ಪೋಸ್ಟರಿನಲ್ಲಂತೂ ಬಲೂನಿನ ಮೇಲೆ ಕಂಪನಿ ಹೆಸರೇ ಇಲ್ಲ, 'ಸೂಪರ್ ಬೌಲ್' ಅಂತ ಬರೆದು ತೇಪೆ ಹಾಕಿದ್ದಾರೆ.

ಇನ್ನೊಂದು ವಿಚಿತ್ರ ನೋಡಿ. ಆ ಪಂದ್ಯ ನಿಜವಾದ ಪಂದ್ಯ. 1976ರ ಜನವರಿ 18, ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣ, ಹತ್ತನೇ ಸೂಪರ್ ಬೌಲ್. ಪಿಟ್ಸ್‌ಬರ್ಗ್ ಸ್ಟೀಲರ್ಸ್, ಡಲ್ಲಾಸ್ ಕೌಬಾಯ್ಸ್ ಮೈದಾನದಲ್ಲಿ ನಿಜಕ್ಕೂ ಗುದ್ದಾಡ್ತಿದ್ದಾರೆ, ಗೆರೆ ಪಕ್ಕದಲ್ಲಿ ಕಬಕೋವ್ ವೇಷದ ರಾಬರ್ಟ್ ಶಾ ಏದುಸಿರು ಬಿಡ್ತಾ ಓಡ್ತಿದ್ದಾನೆ. ಜನ ಏನಂದುಕೊಂಡಿರಬೇಕು? ಯಾರೋ ಪಾಪ ಕಕ್ಕಸು ಹುಡುಕ್ತಿದ್ದಾನೆ ಅಂತಲೇ. ಬಲೂನು ನುಗ್ಗೋ ದೃಶ್ಯಕ್ಕೆ ಮಾತ್ರ ಆಮೇಲೆ ಸಾವಿರಾರು ಜನರನ್ನ ಮತ್ತೆ ಸೇರಿಸಿ ಓಡಿಸಿದರು.

ಈ ರಾಬರ್ಟ್ ಶಾನ ಹಣೇಬರಹವೂ ಮಜವಾಗಿದೆ. ಎರಡು ವರ್ಷ ಮುಂಚೆ 'ಜಾಸ್'ನಲ್ಲಿ ನೀರಿನ ಶಾರ್ಕಿನ ಹಿಂದೆ ಬಿದ್ದಿದ್ದ. ಇಲ್ಲಿ ಆಕಾಶದ ತಿಮಿಂಗಿಲದ ಹಿಂದೆ. ಎರಡಕ್ಕೂ ಸಂಗೀತ ಜಾನ್ ವಿಲಿಯಮ್ಸನದ್ದೇ. ಆದರೆ ಈ ತಿಮಿಂಗಿಲಕ್ಕೆ ಅಂಥ ವೇಗ ಇಲ್ಲ. ಬ್ಲಿಂಪು ಉಸಿರು ಬಿಗಿಹಿಡಿದು ಓಡಿದರೂ ಗಂಟೆಗೆ 80 ಕಿಲೋಮೀಟರ್, ಮೈಸೂರು ಬಸ್ಸಿನ ಲೆಕ್ಕ. ಸಿನಿಮಾ ಇತಿಹಾಸದಲ್ಲೇ ಇಷ್ಟು ನಿಧಾನದ ಬೆನ್ನಟ್ಟುವಿಕೆ ಇನ್ನೊಂದಿಲ್ಲ ಅನ್ಸುತ್ತೆ. ಹೊಲಕ್ಕೆ ನುಗ್ಗಿದ ಎಮ್ಮೆ ನೆನಪಾಗುತ್ತೆ ನನಗೆ. ಓಡಲ್ಲ, ಹೆದರಲ್ಲ, ಹೋಯ್ ಅಂದರೆ ತಿರುಗಿ ನೋಡಲ್ಲ, ತನ್ನ ಪಾಡಿಗೆ ಮುಂದೆ ಮುಂದೆ ಬರುತ್ತೆ. ಓಡೋ ಅಪಾಯಕ್ಕಿಂತ ಹೀಗೆ ನಡೆದು ಬರೋ ಅಪಾಯವೇ ಹೆಚ್ಚು ಹೆದರಿಸುತ್ತೆ ಅನ್ನೋದು ಫ್ರಾಂಕನ್‌ಹೈಮರ್‌ಗೆ ಚೆನ್ನಾಗಿ ಗೊತ್ತಿತ್ತು.

ನಗು ನಿಲ್ಲೋ ಜಾಗವೂ ಒಂದಿದೆ. ಪೈಲಟ್ ಲ್ಯಾಂಡರ್, ಬ್ರೂಸ್ ಡರ್ನ್ ಮಾಡಿರೋದು, ಮೊಹಾವಿ ಮರುಭೂಮಿಯ ಪಾಳು ಶೆಡ್ಡೊಂದರಲ್ಲಿ ಬಾಂಬನ್ನ ಪರೀಕ್ಷೆ ಮಾಡ್ತಾನೆ. ಕಾವಲಿನ ಮುದುಕನಿಗೆ ಇದು ಫೋಟೋ ತೆಗೆಯೋ ಯಂತ್ರ, ಅಲ್ಲಿ ನಿಂತ್ಕೊ ಅಂತಾನೆ. ಆತ ಪಾಪ ನಿಲ್ತಾನೆ. ಸದ್ದಾದ ಮೇಲೆ ಒಳಗೆ ಹೋದರೆ, ಗೋಡೆ ತುಂಬಾ ಸೂಜಿಗಾತ್ರದ ಸಾವಿರಾರು ತೂತು, ಒಂದೊಂದರಿಂದಲೂ ಬಿಸಿಲಿನ ಎಳೆ. ಶ್ಯಾವಿಗೆ ಒರಳಿನ ಬಿಲ್ಲೆಯಿಂದ ಎಳೆ ಇಳಿದ ಹಾಗೆ ಬೆಳಕು ಇಳೀತಿರುತ್ತೆ. ಲ್ಯಾಂಡರ್ ಮುದುಕನ ಕಡೆ ತಿರುಗಿಯೂ ನೋಡಲ್ಲ. ತೂತುಗಳ ಅಂತರ ಎಷ್ಟು ಸಮವಾಗಿ ಬಂದಿದೆ ಅಂತ ಮಗುವಿನ ಹಾಗೆ ಕುಣೀತಾನೆ. ವಿಯೆಟ್ನಾಂನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದು, ಬಂದ ಮೇಲೆ ಹೆಂಡತಿಯನ್ನೂ ಮರ್ಯಾದೆಯನ್ನೂ ಕಳಕೊಂಡವನು. ಅವನನ್ನ ಬೈಯೋಕೆ ಹೊರಟ ಬಾಯಿ ಅರ್ಧಕ್ಕೆ ನಿಲ್ಲುತ್ತೆ. ಆ ಶೆಡ್ಡಿನಲ್ಲಿ ಮಾತ್ರ ಮೈ ಜುಂ ಅನ್ನುತ್ತೆ.

ಇಷ್ಟೆಲ್ಲ ಇದ್ದೂ ಪಿಕ್ಚರು ಅಂದುಕೊಂಡಷ್ಟು ಓಡಲಿಲ್ಲ. ಹಿಂದಿನ ವರ್ಷವೇ 'ಟು-ಮಿನಿಟ್ ವಾರ್ನಿಂಗ್' ಅಂತ ಬಂದಿತ್ತು, ಅದರಲ್ಲೂ ಫುಟ್ಬಾಲ್ ಕ್ರೀಡಾಂಗಣ, ಅಡಗಿ ಕೂತ ಬಂದೂಕಿನವನು. ಅಳಿಯ ಅಲ್ಲ ಮಗಳ ಗಂಡ. ಒಂದೆರಡು ತಿಂಗಳಲ್ಲಿ 'ಸ್ಟಾರ್ ವಾರ್ಸ್' ಬಂತು, ಜನ ಎದ್ದು ಆ ಕಡೆ ಹೋದರು.

ನಾನು ಇಷ್ಟು ಹೇಳೋ ಹೊತ್ತಿಗೆ ರಾಯರ ಬುಟ್ಟಿ ತುಂಬಿತ್ತು. ಮುಖ ಮಾತ್ರ ಬೇರೆ ಎಲ್ಲೋ ಇತ್ತು.

"2010ರಲ್ಲಿ ನಮ್ಮ ಹುಡುಗ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ಹೋಗಿದ್ನಲ್ಲ, ನಿಮಗೆ ಹೇಳಿದ್ನಾ?" ಅಂದರು.

ಹೇಳಿದ್ದರು, ಆದರೂ "ಹೇಳಿ" ಅಂದೆ.

ಆ ವರ್ಷದ ಐಪಿಎಲ್ ನೆನಪಿದೆಯಲ್ಲ? ನಮ್ಮಲ್ಲೂ ಒಂದು ಬಲೂನು ಬಂದಿತ್ತು. ಎಂಆರ್‌ಎಫ್‌ನವರದ್ದು. ನೋಡಿ, ಮತ್ತೆ ಟೈರಿನವರೇ! ಕಾಮೆಂಟರಿಯವರಿಗೆ ಅದರ ಹೆಸರು ಹೇಳದೆ ಅನ್ನ ಜೀರ್ಣ ಆಗ್ತಿರಲಿಲ್ಲ. ರಾಯರು ಟಿವೀಲಿ ಅದನ್ನ ಕಂಡಾಗಲೆಲ್ಲ, "ಇದೇ, ಇಂಥದ್ದೇ ಬಲೂನಿಗೇ ಬಾಂಬು ಕಟ್ಟಿದ್ದು" ಅಂತ ಮನೆಯವರಿಗೆ ಹೇಳಿ ಹೇಳಿ ಬೈಸಿಕೊಳ್ಳೋರು. ಏಪ್ರಿಲ್ 17, ಶನಿವಾರ. ಬೆಂಗಳೂರಿಗೂ ಮುಂಬೈಗೂ ಪಂದ್ಯ. ಶುರುವಾಗೋಕೆ ಮುಂಚೆ ಕ್ರೀಡಾಂಗಣದ ಹೊರಗೆ ಎರಡು ಸ್ಫೋಟ. ಸಿಡಿಯದ ಬಾಂಬೂ ಸಿಕ್ಕಿತು. ಪೊಲೀಸರೂ ಸೇರಿ ಹಲವರಿಗೆ ಗಾಯ. ಅದೃಷ್ಟಕ್ಕೆ ಯಾರ ಜೀವವೂ ಹೋಗಲಿಲ್ಲ.

"ಫೋನ್ ಹಚ್ತೀನಿ, ಹತ್ತಲ್ಲ. ಮತ್ತೆ ಹಚ್ತೀನಿ, ಎಲ್ಲ ಲೈನೂ ಬಿಜಿ. ಇವಳು ದೇವರ ಮುಂದೆ ಕೂತುಬಿಟ್ಲು. ಇಷ್ಟು ದಿನ ನಾನು ಆಕಾಶ ನೋಡ್ಕೊಂಡು ಕೂತಿದ್ದೆ ಕಣ್ರೀ. ಅದು ನೋಡಿದ್ರೆ ಕಾಂಪೌಂಡಿನ ಬುಡದಲ್ಲಿತ್ತು."

ಹೇಳ್ತಾ ಹೇಳ್ತಾ ನಮ್ಮ ಕಾಂಪೌಂಡಿನ ಬುಡವನ್ನೇ ಒಮ್ಮೆ ನೋಡಿದರು. ಅಲ್ಲಿ ನನ್ನ ನೀರಿನ ಕ್ಯಾನು, ಅವರ ಒಂದು ಚಪ್ಪಲಿ.

"ಕೊನೆಗೆ ಸಿಕ್ಕಿದ್ನಾ?"

"ಸಿಕ್ಕಿದ. ನಾನು ಹಲೋ ಅನ್ನೋಕೆ ಮುಂಚೆ, 'ಅಪ್ಪಾ, ಮ್ಯಾಚ್ ಇದ್ಯಂತೆ, ಒಂದು ಗಂಟೆ ಲೇಟಂತೆ, ಆಮೇಲೆ ಮಾತಾಡ್ತೀನಿ ಇಡು' ಅಂದ! ಹೊರಗೆ ಬಾರೋ ಅಂದ್ರೆ, ಟಿಕೆಟ್‌ಗೆ ಎಷ್ಟು ಕೊಟ್ಟಿದೀನಿ ಗೊತ್ತಾ ಅಂತಾನೆ. ನಾನಿಲ್ಲಿ ನಡುಗ್ತಾ ಕೂತಿದೀನಿ, ಅವನಿಗೆ ಜಾಗ ಹೋಗುತ್ತೆ ಅನ್ನೋ ಚಿಂತೆ."

ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ. ಒಂದು ಗಂಟೆ ತಡವಾಗಿ ಆಟ ನಡೆದೇ ನಡೀತು. ನಮ್ಮವರು ಸೋತರು. ಅಲ್ಲಿ ಆಗಬೇಕಿದ್ದ ಎರಡೂ ಸೆಮಿಫೈನಲ್ಲುಗಳು ಮುಂಬೈ ಕಡೆಗೆ ಹೋದವು, ಅದಕ್ಕೆ ಊರೆಲ್ಲ ಇನ್ನೊಂದು ಸುತ್ತು ಬೇಜಾರಾಯ್ತು. ಬಾಂಬಿಗಿಂತ ಸೋಲಿನ ಮಾತೇ ಹೆಚ್ಚು ದಿನ ನಡೀತು ಅಂತ ರಾಯರ ಮಗ ಹೇಳ್ತಾನಂತೆ. ಸರಿಯೋ ತಪ್ಪೋ ಯಾರಿಗೆ ಗೊತ್ತು.

"ಅದಿರ್ಲಿ, ಬಲೂನು ಏನಾಯ್ತು ಹೇಳಿ" ಅಂದರು ರಾಯರು, ಕಣ್ಣೊರೆಸಿಕೊಂಡ ಹಾಗೆ ಮಾಡಿ.

ಹೇಳಿದೆ. ಕಬಕೋವ್ ಈ ಸಲ ದಾಲಿಯಾಗೆ ಕನಿಕರ ತೋರಿಸಲಿಲ್ಲ. ಗುಂಡೇಟು ತಿಂದ ಲ್ಯಾಂಡರ್ ಸಾಯೋ ಮುಂಚೆ ಬತ್ತಿಗೆ ಕಿಡಿ ಹಚ್ಚಿಬಿಟ್ಟ. ಕಬಕೋವ್ ಬಲೂನಿಗೆ ಕೊಕ್ಕೆ ಸಿಕ್ಕಿಸಿದ, ಹೆಲಿಕಾಪ್ಟರು ಅದನ್ನ ಮೊಂಡು ಎಮ್ಮೆ ಎಳೆದ ಹಾಗೆ ದರದರ ಎಳಕೊಂಡು ಸಮುದ್ರಕ್ಕೆ ಹೋಯ್ತು. ಅಲ್ಲಿ ಸಿಡೀತು. ಹಗ್ಗದಲ್ಲಿ ನೇತಾಡ್ತಾ ಹೀರೋ ಬದುಕಿದ.

ರಾಯರು ಸ್ವಲ್ಪ ಹೊತ್ತು ಯೋಚಿಸಿದರು. ತಮ್ಮ ಪಂಚೆ ಮುದುಡಿದ ಕೊನೆಗಿಂತ ಇದು ಚೆನ್ನಾಗಿದೆಯೋ ಇಲ್ಲವೋ ಅಂತ ತೂಗ್ತಿದ್ದರು ಅನ್ಸುತ್ತೆ. ಎರಡು ದಾಸವಾಳ ತೆಗೆದು ನಮ್ಮ ಕಡೆ ಕಾಂಪೌಂಡಿನ ಮೇಲಿಟ್ಟರು. ಇಷ್ಟು ವರ್ಷದಲ್ಲಿ ಇದೇ ಮೊದಲು. ಹೊರಟವರು ಮೆಟ್ಟಿಲ ಹತ್ತಿರ ತಿರುಗಿ ನಿಂತು, "ಅಂದಹಾಗೆ, ಮ್ಯಾಚು ಯಾರು ಗೆದ್ರು?" ಅಂದರು.

"ಸ್ಟೀಲರ್ಸು. 21-17."

"ಹ್ಞೂಂ, ಒಳ್ಳೆ ಟೈಟ್ ಮ್ಯಾಚು" ಅಂತ ಒಳಗೆ ಹೋದರು.